ಸಾಲು ೪೧೨, ಸಾಲು ೪೧೩

ಬ್ಯಾಟರಿ ಅಂಗಡಿಯ ಮೇಲಿನ ಮಾಳಿಗೆಯಲ್ಲಿ
ಎರಡು ಕಂಪ್ಯೂಟರು, ಒಂದು ಹೂಜಿ, ನಾನು, ನಝೀಮಾ.
ಪುಣೆಯ ಯಾರಿಗೋ ರಾಯಚೂರು ಬೇಕಂತೆ,
ಇಡೀ ಪೇಟೆ, ಸಾಲು ಸಾಲಾಗಿ:
ಹೆಸರು, ವಿಳಾಸ, ಫೋನು, ತೆರೆಯುವ ಹೊತ್ತು, ಎಷ್ಟು ಚುಕ್ಕಿ.
ಸಾಲಿಗೆ ಒಂದೂಕಾಲು ರೂಪಾಯಿ.
ನಕಲಾದರೆ ಅದೂ ಇಲ್ಲ.

ಬೆಳಿಗ್ಗೆ ತೀನ್ ಕಂದೀಲಿನಿಂದ ಹೊರಟರೆ
ಊಟದ ಹೊತ್ತಿಗೆ ಗಂಜ್ ಮುಟ್ಟುತ್ತೇನೆ,
ಕುರ್ಚಿ ಬಿಟ್ಟು ಏಳದೆ.
ಬಿಸಿಲು ತಾಗುವುದಿಲ್ಲ.
ಮೆಣಸಿನಕಾಯಿ ಘಾಟಿಗೆ ಸೀನು ಬರುವುದಿಲ್ಲ.
ಕೆಂಪು ಗುಂಡುಸೂಜಿ ಒತ್ತಿದರೆ ಅಂಗಡಿ ತೆರೆಯುತ್ತದೆ,
ನಕಲಿಸು, ಅಂಟಿಸು, ಮುಂದಿನದು.

ಮೂರು ನಾಲಿಗೆಯ ಊರು ಇದು, ನಕಾಶೆಗೆ ಗೊತ್ತಿಲ್ಲ.
ಗಡಿಯಾರ ರಿಪೇರಿಯವ ಒಬ್ಬನೇ,
ಮೂರು ಕಡೆ ಕೂತಿದ್ದಾನೆ:
ಕನ್ನಡದಲ್ಲಿ ಅವನಿಗೆ ನಾಲ್ಕು ಚುಕ್ಕಿ, ಉರ್ದುವಿನಲ್ಲಿ ಐದು,
ತೆಲುಗಿನಲ್ಲಿ ಶಾಶ್ವತವಾಗಿ ಮುಚ್ಚಿದ್ದಾನೆ.
ಯಾರದೋ ಹಿಟ್ಟಿನ ಗಿರಣಿಯನ್ನು
ಆಮ್ ತಲಾಬಿನ ನಡುನೀರಿನಲ್ಲಿ ಚುಚ್ಚಿದ್ದಾರೆ.
"ಚಲೋ ಆತು," ನಝೀಮಾ ಅಂದಳು,
"ಬೀಸಿ, ಅಲ್ಲೇ ನಾದ್ಕೊಂಡು ಬರಬೋದು."

ಗಂಜಿನ ಹಿಂದಿನ ಓಣಿಯಲ್ಲಿ ಸಿಕ್ಕಿದ್ದು
ಶ್ರೀ ಯಂಕೋಬ ಹಗ್ಗದ ಅಂಗಡಿ.
ಹಗ್ಗಕ್ಕೆ ನಮ್ಮ ಪಟ್ಟಿಯಲ್ಲಿ ಜಾಗವಿಲ್ಲ.
ಕಣ್ಣಿ, ಮಿಣಿ, ಮೂಗುದಾಣ, ಬಾರುಕೋಲು, ಕೊರಳ ಗಂಟೆ,
ಇಷ್ಟಕ್ಕೂ ಹುಡುಕಿ ಹುಡುಕಿ ಯಂತ್ರ ಕೊಟ್ಟ ಹೆಸರು
ಸಾಕುಪ್ರಾಣಿ ಮಳಿಗೆ.
ಆಗಲಿ. ಎತ್ತೂ ಸಾಕಿದ್ದೇ.

ಅದರ ಕೆಳಗೆ ಇನ್ನೊಂದು ಸಾಲು.
ಶ್ರೀ ಯಂಕೋಬ ಹಗ್ಗದ ಅಂಗಡಿ.
ಅದೇ ಓಣಿ, ಅದೇ ಮನೆ ನಂಬರು,
ಅದೇ ಆರಂಕಿಯ ಹಳೇ ತಂತಿ ಫೋನು.
ಯಂತ್ರ ಎರಡಕ್ಕೂ ಹಳದಿ ಬಳಿದು ಕೇಳಿತು:
ನಕಲು. ಅಳಿಸಲೇ?

ಬೆರಳು ಇಟ್ಟೆ. ಒತ್ತಲಿಲ್ಲ.
ಒಂದರ ಚಿತ್ರದಲ್ಲಿ ಬಾಗಿಲು ಎಡಕ್ಕೆ, ಒಂದರಲ್ಲಿ ಬಲಕ್ಕೆ;
ಒಂದು ಹೊಸ್ತಿಲಿಗೆ ಹಸಿರು ಬಣ್ಣ,
ಒಂದಕ್ಕೆ ಬಣ್ಣವೇ ಇಲ್ಲ.

ಎಂಟನೇ ರಿಂಗಿಗೆ ಎತ್ತಿದರು.
"ಹಗ್ಗದ ಅಂಗಡಿ ಹೌದೇನ್ರಿ?"
"ಹೌದವಾ. ಗೋಡಿ ಈ ಕಡೀದೇನು, ಆ ಕಡೀದೇನು?"

ಹನ್ನೊಂದು ವರ್ಷದ ಹಿಂದೆ ಪಾಲಾದಾಗ
ನಾರಿನ ಉಂಡೆ ಅರ್ಧರ್ಧ,
ತಕ್ಕಡಿ ಅವನಿಗೆ, ಕಲ್ಲು ಇವನಿಗೆ,
ಅಪ್ಪನ ಹೆಸರು ಮಾತ್ರ ಇಬ್ಬರಿಗೂ ಇಡಿಯಾಗಿ.
ಫೋನಿನ ತಂತಿ ಒಂದೇ ಇತ್ತಂತೆ.
ನಡುಗೋಡೆ ಕಟ್ಟುವಾಗ ಎರಡು ಇಟ್ಟಿಗೆ ಬಿಟ್ಟು
ಆ ತೂತಿನಲ್ಲಿ ಅದನ್ನು ಕೂಡಿಸಿದರು.
ಯಾರ ಕೈ ಮೊದಲು ಬಂತೋ ಅವರು ಎತ್ತುವುದು.
ಗಿರಾಕಿ ಆಚೆಯವನಾದರೆ
ರಿಸೀವರು ಅಲ್ಲೇ ಮಲಗಿಸಿ ಗೋಡೆ ಬಡಿಯುವುದು, ಎರಡು ಸಲ.
ಮಾತು?
ಮಾತು ಪಾಲಿನಲ್ಲಿ ಯಾರಿಗೂ ಬರಲಿಲ್ಲ.

"ಗೋವಿಂದನ್ನ ಕರೀಲೇನು?" ಮುದುಕ ಕೇಳಿದ.
ಬೇಡ ಎನ್ನಬಹುದಿತ್ತು.
ಅಂಗಡಿ ತೆರೆಯೋ ಹೊತ್ತು ಕೇಳಬೇಕಿತ್ತು ಅಂದೆ.
ಟಕ್ ಟಕ್.
ಚಪ್ಪಲಿ ಎಳೆದ ಸದ್ದು, ಒಂದು ಕೆಮ್ಮು,
ಆಮೇಲೆ ಮೊದಲಿನದೇ ದನಿ, ತುಸು ತೆಳ್ಳಗೆ:
"ಅಣ್ಣ ತೆಗೆದ ಮ್ಯಾಲ ತೆಗೀತೀನಿ,
ಅಂವ ಹಾಕಿದ ಮ್ಯಾಲ ಹಾಕ್ತೀನಿ.
ಗಡಿಯಾರ ನೋಡಿಲ್ಲವಾ. ಹಂಗ ಬರ್ಕೋ."

ಹಂಗ ಬರೆಯಲು ಬರುವುದಿಲ್ಲ.
ಹೊತ್ತಿನ ಅಂಕಣಕ್ಕೆ ಅಂಕಿಯೇ ಬೇಕು,
ಅಕ್ಷರ ಹಾಕಿದರೆ ಕೆಂಪಾಗುತ್ತದೆ.
ಅಣ್ಣನ ಮುಂದೆ ೯:೦೦ ಹಾಕಿದೆ.
ತಮ್ಮನ ಮುಂದೆ ೯:೦೧.
ಹಳದಿ ಹೋಯಿತು.

ಸಂಜೆ ಪುಣೆಯಿಂದ ಬಂತು:
೪೧೨, ೪೧೩, ಫೋನು ಒಂದೇ. ಒಂದನ್ನು ತೆಗೆಯಿರಿ.
ನಝೀಮಾ ಬುರ್ಖಾದ ಗುಂಡಿ ಹಾಕಿಕೊಳ್ಳುತ್ತ ನೋಡಿದಳು.
ಕೆಳಗೆ ಬ್ಯಾಟರಿಯವನ ಷಟರು ಅರ್ಧ ಇಳಿದಿತ್ತು.

ಬಲತುದಿಯಲ್ಲಿ ಷರಾ ಎಂಬ ಅಂಕಣವಿದೆ,
ನಾನೂರ ಹನ್ನೊಂದು ಸಾಲಿಗೂ ಖಾಲಿ.
ಅಲ್ಲಿ ಬರೆದೆ:
ಎತ್ತುವವರು ಇಬ್ಬರು. ಅವರೇ ಕೇಳುತ್ತಾರೆ,
ಗೋಡೆಯ ಯಾವ ಕಡೆ ಎಂದು ಮೊದಲೇ ಗೊತ್ತು ಮಾಡಿಕೊಂಡಿರಿ.
ಬಡಿದ ಸದ್ದಾದರೆ ಫೋನು ಇಡಬೇಡಿ.

ಷರಾಕ್ಕೆ ಬೇರೆ ದುಡ್ಡಿಲ್ಲ,
ಎಷ್ಟು ಉದ್ದ ಇದ್ದರೂ.